ಸೈಕಲ್ ಯಾಕೆ ಜಡ ಅನ್ನಿಸುತ್ತದೆ: ನೆಲದ ತಡೆ, ಗಾಳಿಯ ತಡೆ ನೀವೇ ಅಳೆದು ನೋಡುವ ಬಗೆ

ಆಷಾಢ ಬಂತೆಂದರೆ ನಮ್ಮ ಹೈಸ್ಕೂಲಿನ ಸೈಕಲ್ ಸ್ಟ್ಯಾಂಡಿನಲ್ಲಿ ದಿನಾ ಇದೇ ಮಾತು. “ಸರ್, ಸೈಕಲ್ ಭಾಳ ಜಡ ಆಗೇತ್ರಿ. ತುಳಿಯಾಕ ಆಗವಲ್ದು.” ಒಬ್ಬ ಬೇರಿಂಗ್ ಹೋಗಿದೆ ಅನ್ನುತ್ತಾನೆ. ಇನ್ನೊಬ್ಬಳು ಚೈನಿಗೆ ಎಣ್ಣೆ ಇಲ್ಲ ಅನ್ನುತ್ತಾಳೆ. ಅಪ್ಪ ನೂರಿನ್ನೂರು ಕೊಟ್ಟು ಅಂಗಡಿಗೆ ಕಳಿಸುತ್ತಾರೆ. ಓವರಾಯಿಲಿಂಗ್ ಆಗಿ ಬಂದರೂ ಸೈಕಲ್ ಹಾಗೇ ಇರುತ್ತದೆ. ಎಷ್ಟೋ ಸಲ ತೊಂದರೆ ಬೇರಿಂಗಿನಲ್ಲಿ ಇರೋದೇ ಇಲ್ಲ. ಟಯರಿನಲ್ಲಿ ಗಾಳಿ ಕಡಿಮೆ ಇರುತ್ತದೆ, ಇಲ್ಲಾ ಎದುರಿಗೆ ಗಾಳಿ ಜಾಸ್ತಿ ಇರುತ್ತದೆ.

ನಾನು ಗದಗ ಜಿಲ್ಲೆಯಲ್ಲಿ, ಕಪ್ಪತಗುಡ್ಡ ಕಾಣುವ ಊರಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಎಂಟನೇ ತರಗತಿಯಲ್ಲಿ ಘರ್ಷಣೆ ಅಂತಲೇ ಒಂದು ಪಾಠ ಇದೆ. ಅದನ್ನು ಬೋರ್ಡಿನ ಮೇಲೆ ಬರೆದು ಕಲಿಸೋದಕ್ಕಿಂತ ಮಕ್ಕಳ ಸೈಕಲ್ ಮೇಲೇ ಕಲಿಸೋದು ನನಗೆ ಇಷ್ಟ. ಸರ್ಕಾರ 2006–07ರಿಂದ ಎಂಟನೇ ತರಗತಿ ಮಕ್ಕಳಿಗೆ ಕೊಡಲು ಶುರುಮಾಡಿದ ಸೈಕಲ್‌ಗಳಲ್ಲಿ ಎಷ್ಟೋ ಇವತ್ತಿಗೂ ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ಬಂದು ಓಡುತ್ತಿವೆ. ಅಂಥ ಒಂದು ಸೈಕಲ್, ಒಂದು ಸೀಮೆಸುಣ್ಣ, ಒಂದು ಅಳತೆ ಟೇಪು ಇದ್ದರೆ ಸಾಕು. ನಿಮ್ಮ ಸೈಕಲನ್ನು ಹಿಂದಕ್ಕೆ ಎಳೆಯುತ್ತಿರೋದು ಯಾವುದು ಅಂತ ಖರ್ಚಿಗೆ ಮೊದಲೇ ಗೊತ್ತುಮಾಡಿಕೊಳ್ಳಬಹುದು.

ಮೊದಲು ಅಳೆಯಿರಿ

ಸಪಾಟಾದ ಡಾಂಬರು ರಸ್ತೆ ಬೇಕು. ವಾಹನ ಓಡಾಡಬಾರದು. ಅದರ ಒಂದು ತುದಿಯಲ್ಲಿ ಸಣ್ಣ ಇಳಿಜಾರು ಇರಬೇಕು. ಹಳ್ಳದ ಸೇತುವೆಯಿಂದ ಇಳಿದು ಬರುವ ಜಾಗ ಇದಕ್ಕೆ ಚೆನ್ನಾಗಿ ಒದಗುತ್ತದೆ. ಇಳಿತ ಒಂದು, ಒಂದೂವರೆ ಮೀಟರಿನಷ್ಟಿದ್ದರೆ ಸಾಕು.

ಇಳಿಜಾರಿನ ಮೇಲೆ ಒಂದು ಗೆರೆ ಎಳೆಯಿರಿ. ಮುಂದಿನ ಗಾಲಿಯನ್ನು ಗೆರೆಗೆ ಸರಿಯಾಗಿ ಇಟ್ಟು, ಸೀಟಿನ ಮೇಲೆ ಕೂತು, ಕಾಲು ಎತ್ತಿ ಬಿಡಿ. ತುಳಿಯಬೇಡಿ, ಕಾಲಿನಿಂದ ಒದ್ದು ನೂಕಲೂ ಬೇಡಿ. ಸೈಕಲ್ ತಾನೇ ಇಳಿದು, ಸಪಾಟು ರಸ್ತೆಯಲ್ಲಿ ಓಡಿ, ನಿಧಾನ ಆಗಿ, ಇನ್ನೇನು ಹೊಯ್ದಾಡಿ ಬೀಳಬೇಕು ಅನ್ನುವಾಗ ಕಾಲು ಊರಿ. ಅಲ್ಲಿ ಗೆರೆ ಎಳೆಯಿರಿ. ಇಳಿಜಾರು ಮುಗಿದ ಜಾಗದಿಂದ ಇಲ್ಲಿಯವರೆಗೆ ಎಷ್ಟು ಮೀಟರ್ ಆಯಿತು ಅಂತ ಅಳೆದು ಬರೆದಿಟ್ಟುಕೊಳ್ಳಿ.

ಇಳಿಜಾರು ಯಾಕೆ ಬೇಕು ಅಂತ ಕೇಳಬಹುದು. ತುಳಿದು ವೇಗ ತಂದರೆ ಒಂದು ಸಲ ಜೋರು, ಒಂದು ಸಲ ಮೆಲ್ಲಗೆ ಆಗುತ್ತದೆ. ಒಂದೇ ಗೆರೆಯಿಂದ ಬಿಟ್ಟರೆ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಶುರುವಾಗುತ್ತದೆ. ಗೆಲಿಲಿಯೋ ಕೂಡ ಗುಂಡುಗಳನ್ನು ಓರೆ ಹಲಗೆ ಮೇಲೆ ಉರುಳಿಸಿಯೇ ಚಲನೆಯನ್ನು ಅಳೆದದ್ದು.

ಬೆಳಗಿನ ಜಾವ ಮಾಡಿದರೆ ಒಳ್ಳೆಯದು. ಆಗ ಗಾಳಿ ಇರೋದಿಲ್ಲ, ರಸ್ತೆಯೂ ಖಾಲಿ. ಎರಡು ಮೂರು ಸಲ ಮಾಡಿ, ನಡುವಿನ ಅಳತೆ ಹಿಡಿಯಿರಿ. ಮೈ ಬಗ್ಗಿಸಿ ಕೂತಿದ್ದೀರೋ ನೆಟ್ಟಗೆ ಕೂತಿದ್ದೀರೋ ಅದನ್ನೂ ಬರೆಯಿರಿ. ಅದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಅಳತೆ ಏನು ಹೇಳುತ್ತದೆ

ತುಳಿಯೋದು ಬಿಟ್ಟ ಸೈಕಲನ್ನು ಹಿಡಿದು ನಿಲ್ಲಿಸೋದು ಮುಖ್ಯವಾಗಿ ಎರಡು. ಒಂದು ನೆಲದ ತಡೆ. ಟಯರು ನೆಲದ ಮೇಲೆ ಉರುಳುವಾಗ ಆಗುವ ನಷ್ಟ ಅದು. ಇನ್ನೊಂದು ಗಾಳಿಯ ತಡೆ. ಬೇರಿಂಗಿನ ಘರ್ಷಣೆ ಇವೆರಡರ ಮುಂದೆ ಬಹಳ ಸಣ್ಣದು.

ಒಂದು ಲೆಕ್ಕ ಹಾಕೋಣ. ಸವಾರ 65 ಕಿಲೋ, ಕ್ಯಾರಿಯರ್, ಸ್ಟ್ಯಾಂಡ್, ಚೈನ್ ಕವರ್ ಎಲ್ಲ ಸೇರಿ ಸೈಕಲ್ 20 ಕಿಲೋ. ಒಟ್ಟು 85. ಚೆನ್ನಾಗಿ ಗಾಳಿ ತುಂಬಿದ ಟಯರು ಡಾಂಬರಿನ ಮೇಲೆ ಉರುಳುವಾಗ ನೆಲದ ತಡೆ ಒಟ್ಟು ತೂಕದ ಸಾವಿರದಲ್ಲಿ 8 ಪಾಲು ಅಂತ ಇಟ್ಟುಕೊಂಡರೆ ಸುಮಾರು 6.7 ನ್ಯೂಟನ್ ಆಗುತ್ತದೆ. ಮುಕ್ಕಾಲು ಕಿಲೋಗಿಂತ ಸ್ವಲ್ಪ ಕಡಿಮೆ ತೂಕ ಹಿಂದಕ್ಕೆ ಜಗ್ಗಿದಷ್ಟು. ಮೆಲ್ಲಗೆ ಹೋಗಲಿ, ಜೋರಾಗಿ ಹೋಗಲಿ, ಇದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಗಾಳಿಯ ತಡೆ ಹಾಗಲ್ಲ. ವೇಗ ಎರಡು ಪಟ್ಟು ಆದರೆ ಅದು ನಾಲ್ಕು ಪಟ್ಟು ಆಗುತ್ತದೆ. ನೆಟ್ಟಗೆ ಕೂತು ಹೋಗುವವರಿಗೆ ಗಂಟೆಗೆ 15 ಕಿ.ಮೀ. ವೇಗದಲ್ಲಿ ಸುಮಾರು 5.7 ನ್ಯೂಟನ್. 20 ಕಿ.ಮೀ.ಗೆ 10. 30 ಕಿ.ಮೀ.ಗೆ ಸುಮಾರು 23. ನೆಲದ ತಡೆ ಮಾತ್ರ ಅದೇ 6.7ರಲ್ಲೇ ನಿಂತಿರುತ್ತದೆ.

ಅಂದರೆ ಗಂಟೆಗೆ 15, 16 ಕಿ.ಮೀ. ಹತ್ತಿರ ಎರಡೂ ಸಮ. ಅದಕ್ಕಿಂತ ಕೆಳಗೆ ನೀವು ಸೆಣಸುತ್ತಿರೋದು ಜಾಸ್ತಿ ನೆಲದ ಜೊತೆ. ಅದಕ್ಕಿಂತ ಮೇಲೆ ಗಾಳಿಯ ಜೊತೆ. ಸೈಕಲ್ ಜಡ ಆಯಿತು ಅನ್ನಿಸಿದಾಗ ನಾನು ಮಕ್ಕಳಿಗೆ ಕೇಳುವ ಮೊದಲ ಪ್ರಶ್ನೆಯೇ ಇದು: ಎಷ್ಟು ಜೋರಾಗಿ ಹೋಗ್ತಿದ್ದಿ, ಗಾಳಿ ಯಾವ ಕಡೆಯಿಂದ ಇತ್ತು? ಮೆಲ್ಲಗೆ ಹೋಗುವಾಗಲೂ, ಗಾಳಿ ಇಲ್ಲದ ದಿನವೂ ಜಡ ಅನ್ನಿಸಿದರೆ ಮಾತ್ರ ಸೈಕಲನ್ನು ನೋಡಬೇಕು.

ಮೇಲಿನ ಲೆಕ್ಕದ ಪ್ರಕಾರ 15 ಕಿ.ಮೀ. ವೇಗದಲ್ಲಿ ಸಪಾಟಿಗೆ ಬಂದ ಸೈಕಲ್ ಸುಮಾರು 80 ಮೀಟರ್ ಉರುಳಬೇಕು. ಟಯರು ಮೆತ್ತಗಾಗಿ ನೆಲದ ತಡೆ ಸಾವಿರಕ್ಕೆ 15 ಆಯಿತು ಅನ್ನಿ. ಅದೇ ಸೈಕಲ್ 50 ಮೀಟರ್ ಕೂಡ ಮುಟ್ಟೋದಿಲ್ಲ. ಇಷ್ಟು ದೊಡ್ಡ ವ್ಯತ್ಯಾಸ ಕಾಣೋದಕ್ಕೆ ಯಾವ ಉಪಕರಣವೂ ಬೇಡ. ನಿಮ್ಮ ರಸ್ತೆ, ನಿಮ್ಮ ಇಳಿಜಾರು ಬೇರೆ ಇರೋದರಿಂದ ನನ್ನ 80ರ ಜೊತೆ ಹೋಲಿಸಬೇಡಿ. ಸೈಕಲ್ ಚೆನ್ನಾಗಿದ್ದ ದಿನ ನಿಮಗೆ ಬಂದ ಅಳತೆಯೇ ನಿಮಗೆ ಲೆಕ್ಕ.

ಟಯರು: ಮೊದಲ ಕೆಲಸ ಇಲ್ಲೇ

ಗಾಲಿ ಉರುಳುವಾಗ ನೆಲಕ್ಕೆ ತಾಗಿದ ಜಾಗದಲ್ಲಿ ಟಯರು ಚಪ್ಪಟೆ ಆಗುತ್ತದೆ. ಮುಂದೆ ಹೋದಮೇಲೆ ಮತ್ತೆ ದುಂಡಗಾಗುತ್ತದೆ. ಒತ್ತಿದಾಗ ಖರ್ಚಾದ ಶಕ್ತಿಯನ್ನು ರಬ್ಬರ್ ಪೂರ್ತಿ ವಾಪಸ್ ಕೊಡೋದಿಲ್ಲ. ಸ್ವಲ್ಪ ಶಾಖ ಆಗಿ ಹೋಗುತ್ತದೆ. ಗಾಳಿ ಕಡಿಮೆ ಇದ್ದಷ್ಟೂ ಟಯರು ಜಾಸ್ತಿ ಚಪ್ಪಟೆ ಆಗುತ್ತದೆ, ಜಾಸ್ತಿ ಶಕ್ತಿ ತಿನ್ನುತ್ತದೆ. ಕಂಬಳಿ ಮೇಲೆ ಗೋಲಿ ಉರುಳಿಸಿದ ಹಾಗೆ ಆಗುತ್ತದೆ ನಿಮ್ಮ ಸವಾರಿ. ವ್ಯತ್ಯಾಸ ಇಷ್ಟೇ, ಇಲ್ಲಿ ಮೆತ್ತಗಿರೋದು ನೆಲ ಅಲ್ಲ, ಗಾಲಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಬಹಳ ಜನ ಸೈಕಲ್ ಎತ್ತಿ, ಗಾಲಿ ತಿರುಗಿಸಿ, “ನೋಡ್ರಿ ಎಷ್ಟ್ ಛಲೋ ತಿರಗತೈತಿ” ಅನ್ನುತ್ತಾರೆ. ಎತ್ತಿ ಹಿಡಿದ ಗಾಲಿ ಮೇಲೆ ತೂಕವೇ ಇಲ್ಲ. ಟಯರು ಚಪ್ಪಟೆ ಆಗೋದೇ ಇಲ್ಲ. ಆದ್ದರಿಂದ ಟಯರಿನ ತಡೆ ಅಲ್ಲಿ ಕಾಣೋದಿಲ್ಲ. ಅರ್ಧ ಗಾಳಿ ಹೋದ ಗಾಲಿಯೂ ಎತ್ತಿ ತಿರುಗಿಸಿದರೆ ನಿಮಿಷಗಟ್ಟಲೆ ತಿರುಗುತ್ತದೆ. ಗಾಲಿ ಸರಿ ಇದೆಯೋ ಇಲ್ಲವೋ ಅನ್ನೋದು ನೀವು ಮೇಲೆ ಕೂತಾಗಲೇ ಗೊತ್ತಾಗೋದು.

ಟಯರಿನ ಪಕ್ಕದಲ್ಲಿ ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಬಹುದು ಅಂತ ಅಚ್ಚು ಹಾಕಿರುತ್ತಾರೆ. ಆದರೆ ನಮ್ಮ ಸಾದಾ ಸೈಕಲ್‌ಗಳ ವಾಲ್‌ಟ್ಯೂಬಿಗೆ ಮೀಟರ್ ಇಟ್ಟು ಅಳೆಯೋದು ಕಷ್ಟ. ಹೆಬ್ಬೆರಳೇ ಗತಿ. ಟಯರನ್ನು ಮೇಲಿನಿಂದಲೂ ಪಕ್ಕದಿಂದಲೂ ಜೋರಾಗಿ ಒತ್ತಿ ನೋಡಿ. ಮೇಲೆ ಒತ್ತಿದಾಗ ಸ್ವಲ್ಪವೂ ಒಳಗೆ ಹೋಗಬಾರದು ಅನ್ನುವಷ್ಟು ಬಿಗಿ ಇರಬೇಕು. ಆಮೇಲೆ ನೀವು ಸೀಟಿನ ಮೇಲೆ ಕೂತು, ಹಿಂದಿನ ಟಯರು ನೆಲಕ್ಕೆ ತಾಗಿದ ಜಾಗವನ್ನು ಬೇರೆಯವರಿಂದ ನೋಡಿಸಿ. ಪಕ್ಕಕ್ಕೆ ಉಬ್ಬಿ ಕಂಡರೆ ಇನ್ನೂ ಗಾಳಿ ಬೇಕು. ಹಿಂದಿನ ಗಾಲಿ ಮೇಲೆ ತೂಕ ಜಾಸ್ತಿ ಬೀಳುತ್ತದೆ. ಹಾಗಾಗಿ ಅದಕ್ಕೆ ಗಾಳಿಯೂ ತುಸು ಜಾಸ್ತಿ ಇರಲಿ. ಪೆಟ್ರೋಲ್ ಬಂಕಿನ ಕಂಪ್ರೆಸರ್ ಹಚ್ಚಬೇಡಿ. ಸೈಕಲ್ ಟ್ಯೂಬಿನಲ್ಲಿ ಹಿಡಿಯುವ ಗಾಳಿ ಬಹಳ ಕಡಿಮೆ, ಕ್ಷಣದಲ್ಲಿ ಸಿಡಿಯುತ್ತದೆ. ಕೈಪಂಪೇ ಸರಿ.

ವಾರಕ್ಕೊಮ್ಮೆ ಗಾಳಿ ಹೊಡೆಯಿರಿ. ಪಂಕ್ಚರ್ ಆಗದಿದ್ದರೂ ರಬ್ಬರಿನ ಮೂಲಕವೇ ಗಾಳಿ ಮೆಲ್ಲಗೆ ಹೋಗುತ್ತಿರುತ್ತದೆ. ವಾಲ್‌ಟ್ಯೂಬ್ ಹಳತಾದರೆ ಇನ್ನೂ ಬೇಗ. ಅದನ್ನು ಬದಲಿಸೋದಕ್ಕೆ ಪುಡಿಗಾಸು ಸಾಕು.

ಗಾಳಿ ತುಂಬಿದ ಟಯರು ಬರುವ ಮೊದಲು ಗಟ್ಟಿ ರಬ್ಬರಿನ ಗಾಲಿಗಳಿದ್ದವು. ಗಟ್ಟಿ ಇದ್ದರೆ ತಡೆ ಕಡಿಮೆ ಅಲ್ವಾ, ಮತ್ತೆ ಗಾಳಿ ಯಾಕೆ ಬೇಕಿತ್ತು? ಕಲ್ಲು, ಗುಂಡಿ ಇದ್ದ ದಾರಿಯಲ್ಲಿ ಗಟ್ಟಿ ಗಾಲಿ ಪ್ರತಿ ಕಲ್ಲಿಗೂ ಇಡೀ ಸೈಕಲನ್ನು, ಸವಾರನನ್ನು ಎತ್ತಿ ಇಳಿಸುತ್ತದೆ. ಆ ಶಕ್ತಿಯೆಲ್ಲ ಮುಂದೆ ಹೋಗೋದರಿಂದಲೇ ಕಳೆಯುತ್ತದೆ. ಗಾಳಿ ಟಯರು ಸಣ್ಣ ಕಲ್ಲನ್ನು ತನ್ನೊಳಗೇ ನುಂಗಿ ಮುಂದೆ ಹೋಗುತ್ತದೆ. ರಾಬರ್ಟ್ ಥಾಮ್ಸನ್ 1840ರ ದಶಕದಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಮತ್ತೆ ಮಾಡಿದ ಮೇಲೆ ಜಗತ್ತು ಹಿಡಿದುಕೊಂಡಿತು. ಹೊಲದ ದಾರಿಯಲ್ಲೇ ಜಾಸ್ತಿ ಓಡಾಡುವವರು ಇದೇ ಕಾರಣಕ್ಕೆ ಗಾಳಿ ಒಂಚೂರು ಇಳಿಸಿಕೊಂಡರೆ ತಪ್ಪಿಲ್ಲ.

ಉಜ್ಜುತ್ತಿರೋದು ಎಲ್ಲಿ

ಗಾಳಿ ತುಂಬಿಯೂ ಸೈಕಲ್ ಮೊದಲಿನಷ್ಟು ದೂರ ಉರುಳದಿದ್ದರೆ ಆಗ ಗಾಲಿ ಎತ್ತಿ ನೋಡಿ. ಮೆಲ್ಲಗೆ ತಿರುಗಿಸಿ, ಕಿವಿಗೊಡಿ. ಸರ್ ಸರ್ ಅಂತ ಒಂದೇ ಜಾಗದಲ್ಲಿ ಸದ್ದು ಬಂದರೆ ರಿಮ್ಮು ಬೆಂಡಾಗಿ ಬ್ರೇಕ್ ರಬ್ಬರಿಗೆ ತಾಗುತ್ತಿದೆ. ಸದಾ ಸದ್ದು ಬಂದರೆ ಬ್ರೇಕೇ ಪೂರ್ತಿ ಬಿಡುತ್ತಿಲ್ಲ. ಬ್ರೇಕ್ ರಬ್ಬರ್ ತಾಗೋದು ಗಾಲಿಯ ಅಂಚಿನಲ್ಲಿ. ನಡುವಿನ ಎಕ್ಸೆಲ್‌ನಲ್ಲಿ ಆಗುವ ಘರ್ಷಣೆಗಿಂತ ಅಂಚಿನಲ್ಲಿ ಆಗುವ ಅಷ್ಟೇ ಘರ್ಷಣೆ ಗಾಲಿಯನ್ನು ಬಹಳ ಜಾಸ್ತಿ ಹಿಡಿಯುತ್ತದೆ. ಸಣ್ಣಗೆ ತಾಗುತ್ತಿದೆ ಅಂತ ಬಿಡಬೇಡಿ.

ಎರೆ ಹೊಲದ ಕಡೆಯವರಿಗೆ ಇನ್ನೊಂದು ಕಾಟ ಇದೆ. ಒಂದು ಮಳೆ ಬಿದ್ದರೆ ಸಾಕು, ಎರೆ ಮಣ್ಣು ಟಯರಿಗೆ ಮೆತ್ತಿ ಮಡ್‌ಗಾರ್ಡಿನೊಳಗೆ ಗಿಡಿಯುತ್ತದೆ. ಹಸಿ ಇದ್ದಾಗ ಗಾಲಿಯೇ ತಿರುಗೋದಿಲ್ಲ, ಹೆಗಲ ಮೇಲೆ ಹೊತ್ತು ತರಬೇಕು. ಕಡ್ಡಿಯಿಂದ ಕೆದರಿ ತೆಗೆದೆವು ಅಂದುಕೊಳ್ಳುತ್ತೇವೆ. ಆದರೆ ಮಡ್‌ಗಾರ್ಡ್ ಕಡ್ಡಿಗಳು ಕೂಡುವ ಜಾಗದಲ್ಲಿ, ಸ್ಟ್ಯಾಂಡಿನ ಮೇಲ್ಭಾಗದಲ್ಲಿ, ಒಂದು ಹೆಂಟೆ ಉಳಿದಿರುತ್ತದೆ. ಒಣಗಿದ ಮೇಲೆ ಅದು ಇಟ್ಟಿಗೆಯಷ್ಟು ಗಟ್ಟಿ. ಟಯರನ್ನು ದಿನವಿಡೀ ಉಜ್ಜುತ್ತಾ ಇರುತ್ತದೆ. ಹಿಂದಿನ ಟಯರಿನ ನಡುವೆ ಒಂದು ಪಟ್ಟಿ ಮಾತ್ರ ನುಣ್ಣಗೆ ಹೊಳೆಯುತ್ತಿದ್ದರೆ ಇದೇ ಕಾರಣ ಇರಬಹುದು. ಬಿಸಿಲಿಗೆ ಒಣಗಿಸಿ ಒಡೆಯೋದಕ್ಕಿಂತ ನೀರು ಹಾಕಿ ನೆನೆಸಿ, ಬಗ್ಗಿ, ಬೆರಳು ಹಾಕಿ ತೆಗೆಯಿರಿ.

ಇನ್ನು ಹಬ್ಬು, ಅಂದರೆ ಗಾಲಿಯ ನಡುಭಾಗ. ಎಕ್ಸೆಲ್ ಸುತ್ತ ಇರುವ ಬಾಲ್ಸ್ ಉರುಳುತ್ತವೆ, ಉಜ್ಜೋದಿಲ್ಲ. ಆದ್ದರಿಂದಲೇ ಅಲ್ಲಿ ನಷ್ಟ ಅಷ್ಟು ಕಡಿಮೆ. ಆದರೆ ಬಾಲ್ಸನ್ನು ಒತ್ತಿ ಹಿಡಿಯುವ ನಟ್ಟನ್ನು, ಅಂದರೆ ಕೋನನ್ನು, ಅತಿಯಾಗಿ ಬಿಗಿದರೆ ಬಾಲ್ಸ್ ಹಿಸುಕಿದಂತಾಗಿ ಗಾಲಿ ಬಿಗಿಯಾಗುತ್ತದೆ. ಸಡಿಲ ಬಿಟ್ಟರೆ ಗಾಲಿ ಅತ್ತಿತ್ತ ಅಲ್ಲಾಡುತ್ತದೆ. ನಮ್ಮೂರ ಸೈಕಲ್ ಅಂಗಡಿ ಚಾಚಾ ಇದನ್ನು ನೋಡುವ ರೀತಿ ನಾನು ಪಾಠದಲ್ಲಿ ಪ್ರತಿ ವರ್ಷ ತೋರಿಸುತ್ತೇನೆ. ಮುಂದಿನ ಗಾಲಿಯನ್ನು ಎತ್ತಿ, ಗಾಳಿ ತುಂಬುವ ವಾಲ್ ಇರುವ ಜಾಗವನ್ನು ಎಡಕ್ಕೋ ಬಲಕ್ಕೋ ಇಟ್ಟು ಸುಮ್ನೆ ಕೈ ಬಿಡುತ್ತಾರೆ. ನೂಕೋದಿಲ್ಲ. ವಾಲ್ ಇರುವ ಕಡೆ ಕೆಲವೇ ಗ್ರಾಂ ತೂಕ ಜಾಸ್ತಿ. ಬೇರಿಂಗ್ ಸರಿ ಇದ್ದರೆ ಆ ಕೆಲವೇ ಗ್ರಾಂ ತೂಕಕ್ಕೇ ಗಾಲಿ ತಾನಾಗಿ ತಿರುಗುತ್ತದೆ. ವಾಲ್ ಕೆಳಗೆ ಬರುತ್ತದೆ, ದಾಟಿ ಆ ಕಡೆ ಹೋಗುತ್ತದೆ, ಮತ್ತೆ ವಾಪಸ್ ಬರುತ್ತದೆ. ತೊಟ್ಟಿಲು ತೂಗಿ ನಿಂತಂತೆ ಮೆಲ್ಲಗೆ ತಳದಲ್ಲಿ ನಿಲ್ಲುತ್ತದೆ. ಗಾಲಿ ಕದಲದೆ ಇದ್ದಲ್ಲೇ ಇದ್ದರೆ ಕೋನ್ ಬಿಗಿ ಇದೆ, ಇಲ್ಲವೇ ಗ್ರೀಸ್ ಒಣಗಿ ಗಟ್ಟಿಯಾಗಿದೆ. ಆಗ ಮಾತ್ರ ಬಿಚ್ಚಿಸಿ, ಸೀಮೆಎಣ್ಣೆಯಲ್ಲಿ ತೊಳೆಸಿ, ಹೊಸ ಗ್ರೀಸ್ ಹಾಕಿಸಿ.

ಚೈನಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ತುಳಿಯದೆ ಉರುಳುವಾಗ ಚೈನ್ ತಿರುಗೋದಿಲ್ಲ. ಆದ್ದರಿಂದ ನಮ್ಮ ಪರೀಕ್ಷೆಯಲ್ಲಿ ಅದರ ತಪ್ಪು ಕಾಣೋದೂ ಇಲ್ಲ. ಒಳ್ಳೆಯ ದೂರ ಉರುಳುವ ಸೈಕಲ್ ತುಳಿಯುವಾಗ ಮಾತ್ರ ಭಾರ ಅನ್ನಿಸಿದರೆ ಚೈನು, ಪೆಡಲು, ಕ್ರ್ಯಾಂಕಿನ ಬೇರಿಂಗು ನೋಡಿ. ಶುಚಿಯಾಗಿ ಎಣ್ಣೆ ಹಾಕಿದ ಚೈನ್ ನಿಮ್ಮ ಕಾಲಿನ ಶಕ್ತಿಯಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿಯನ್ನು ಹಿಂದಿನ ಗಾಲಿಗೆ ಮುಟ್ಟಿಸುತ್ತದೆ. ಮೊದಲು ಒರೆಸಿ, ಆಮೇಲೆ ಹನಿ ಹನಿಯಾಗಿ ಎಣ್ಣೆ ಬಿಟ್ಟು, ಹೊರಗಡೆ ಉಳಿದದ್ದನ್ನು ಮತ್ತೆ ಒರೆಸಿ. ಧೂಳಿನ ಮೇಲೇ ಎಣ್ಣೆ ಸುರಿದರೆ ಅದು ಉಜ್ಜುಕಾಗದದಂತೆ ಚೈನನ್ನು ಸವೆಸುತ್ತದೆ.

ಹಿಂದೆ ಒಬ್ಬರನ್ನು ಕೂರಿಸಿ ನೋಡಿ

ಈ ಪ್ರಯೋಗ ನನಗೆ ಎಲ್ಲಕ್ಕಿಂತ ಇಷ್ಟ. ಎರಡೂ ಟಯರಿಗೆ ಬಿಗಿಯಾಗಿ ಗಾಳಿ ಹೊಡೆದು, ಕ್ಯಾರಿಯರ್ ಮೇಲೆ 55 ಕಿಲೋ ತೂಗುವ ಗೆಳೆಯನನ್ನು ಕೂರಿಸಿ ಅದೇ ಗೆರೆಯಿಂದ ಬಿಡಿ. ಮೊದಲೇ ಮಕ್ಕಳನ್ನು ಕೇಳುತ್ತೇನೆ: ಈಗ ಹೆಚ್ಚು ದೂರ ಹೋಗುತ್ತದೋ ಕಡಿಮೆಯೋ? ಬಹುತೇಕ ಎಲ್ಲರೂ ಕಡಿಮೆ ಅನ್ನುತ್ತಾರೆ. ಭಾರ ಜಾಸ್ತಿ ಅಲ್ವಾ ಸರ್!

ಜಾಸ್ತಿ ದೂರ ಹೋಗುತ್ತದೆ. ಸಪಾಟಿಗೆ ಬಂದಾಗ ವೇಗ 15 ಕಿ.ಮೀ. ಇದ್ದರೆ ಲೆಕ್ಕದಲ್ಲಿ 80 ಇದ್ದದ್ದು ಸುಮಾರು 89 ಮೀಟರ್ ಆಗುತ್ತದೆ. ಘರ್ಷಣೆ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ ಅನ್ನೋದನ್ನು ಗಿಯೋಮ್ ಅಮೋಂಟೊನ್ 1699ರಲ್ಲೇ ಹೇಳಿದ್ದ. ಉರುಳುವ ಟಯರಿಗೂ ಅದು ಸುಮಾರಾಗಿ ಹೊಂದುತ್ತದೆ. ತೂಕ ಹೆಚ್ಚಿದಷ್ಟು ನೆಲದ ತಡೆ ಹೆಚ್ಚಿತು, ಸರಿ. ಆದರೆ ನಿಲ್ಲಿಸಬೇಕಾದ ಭಾರವೂ ಅಷ್ಟೇ ಹೆಚ್ಚಿತು. ಲೆಕ್ಕ ಸರಿಹೋಯಿತು. ಗಾಳಿಗೆ ಮಾತ್ರ ಭಾರ ಗೊತ್ತಿಲ್ಲ. ಅದು ನೋಡೋದು ಎದುರಿಗೆ ಎಷ್ಟು ಅಗಲ ಎತ್ತರ ಇದೆ ಅಂತ. ಗೆಳೆಯ ನಿಮ್ಮ ಬೆನ್ನ ಹಿಂದೆ ಅಡಗಿ ಕೂತಿದ್ದಾನೆ. ಗಾಳಿಯ ತಡೆ ಹೆಚ್ಚುಕಡಿಮೆ ಅಷ್ಟೇ ಇದ್ದು, ಅದು ತಡೆಯಬೇಕಾದ ಭಾರ 85ರಿಂದ 140 ಕಿಲೋ ಆಯಿತು. ಹಾಗಾಗಿ ಬೇಗ ನಿಲ್ಲಿಸಲು ಅದರ ಕೈಲಿ ಆಗೋದಿಲ್ಲ.

ತುಳಿಯುವಾಗ ಮಾತ್ರ ಇಬ್ಬರ ಭಾರದ ನೆಲದ ತಡೆಯನ್ನು ನೀವೊಬ್ಬರೇ ಎಳೆಯಬೇಕು. ಏರು ಬಂದರಂತೂ ಕೇಳೋದೇ ಬೇಡ.

ಹತ್ತಿ ಎಳೆ ಮೆಲ್ಲಗೆ ಬಿದ್ದು ಕಲ್ಲು ಬೇಗ ಬೀಳೋದೂ ಇದೇ ಲೆಕ್ಕ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆಯನ್ನೂ ಗಿಡುಗದ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು. ಅಲ್ಲಿ ಗಾಳಿ ಇಲ್ಲ. ಎರಡೂ ಒಟ್ಟಿಗೇ ನೆಲ ಮುಟ್ಟಿದವು.

ಗಾಳಿ

ನಮ್ಮ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಒಂದೇ ಸಮ ಬೀಸುತ್ತದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರೋದೇ ಅದಕ್ಕೆ. ಪಶ್ಚಿಮಕ್ಕೆ ಮುಖ ಮಾಡಿ ಶಾಲೆಗೆ ಬರುವ ಮಕ್ಕಳು ಆ ಮೂರು ತಿಂಗಳು ಪಡುವ ಪಾಡು ನಾನು ನೋಡುತ್ತಲೇ ಇದ್ದೇನೆ. ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವ ಮೊದಲು ಯಾವ ಕಡೆಯಿಂದ ಬಂದಿ ಅಂತ ಕೇಳಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಲೆಕ್ಕದಲ್ಲೇ ತೋರಿಸುತ್ತೇನೆ.

ಗಾಳಿ ಇಲ್ಲದ ದಿನ ಗಂಟೆಗೆ 15 ಕಿ.ಮೀ. ಹೋಗಲು ಮೇಲೆ ಹೇಳಿದ ಸವಾರನಿಗೆ ಸುಮಾರು 52 ವ್ಯಾಟ್ ಬೇಕು. ಈಗ ಎದುರಿನಿಂದ 20 ಕಿ.ಮೀ. ಗಾಳಿ ಬೀಸುತ್ತಿದೆ. ಸೈಕಲ್ ಹೋಗುತ್ತಿರೋದು 15ಕ್ಕೇ ಆದರೂ ಮೈಗೆ ಬಡಿಯುವ ಗಾಳಿ 35ರದ್ದು. ಅದೇ 15ರಲ್ಲಿ ಹೋಗಬೇಕೆಂದರೆ ಸುಮಾರು 158 ವ್ಯಾಟ್ ಬೇಕು. ಮೂರು ಪಟ್ಟು. ಹದಿಮೂರು ವರ್ಷದ ಮಗು ಎಲ್ಲಿಂದ ತರಬೇಕು? ಅದೇ 52 ವ್ಯಾಟಿನಲ್ಲಿ ಹೋದರೆ ವೇಗ ಏಳು ಕಿ.ಮೀ. ಚಿಲ್ಲರೆಗೆ ಇಳಿಯುತ್ತದೆ.

ಶಾಲೆ 5 ಕಿ.ಮೀ. ದೂರ ಇದ್ದರೆ ಗಾಳಿ ಇಲ್ಲದ ದಿನ 20 ನಿಮಿಷ. ಈ ಗಾಳಿಯಲ್ಲಿ 40 ನಿಮಿಷ ಮೀರುತ್ತದೆ. ಸಂಜೆ ಗಾಳಿ ಬೆನ್ನಿಗೆ ಬರುತ್ತದೆ, 12 ನಿಮಿಷಕ್ಕೆ ಮನೆ. ಹೋಗುವಾಗ ಕಳೆದದ್ದು 20 ನಿಮಿಷಕ್ಕೂ ಜಾಸ್ತಿ. ಬರುವಾಗ ಉಳಿದದ್ದು 8. ಹೋಗ್ತಾ ಎದುರು, ಬರ್ತಾ ಬೆನ್ನು, ಲೆಕ್ಕ ಸಮ ಆಯಿತಲ್ಲ ಅನ್ನುವವರಿಗೆ ಈ ಅಂಕಿ ತೋರಿಸಿ.

ಗಾಳಿ ಎಷ್ಟಿದೆ ಅಂತ ತಿಳಿಯೋದು ಸುಲಭ. ಎಲೆ, ಸಣ್ಣ ಕಡ್ಡಿ ಒಂದೇ ಸಮ ಅಲ್ಲಾಡುತ್ತಿದ್ದರೆ ಗಂಟೆಗೆ 12ರಿಂದ 19 ಕಿ.ಮೀ. ಧೂಳು ಎದ್ದು, ಬಿದ್ದ ಕಾಗದ ಹಾರುತ್ತಿದ್ದರೆ 20ರಿಂದ 28. ಇದು ಬಯಲಿನಲ್ಲಿ, 10 ಮೀಟರ್ ಎತ್ತರದ ಗಾಳಿಯ ಅಳತೆ. ನೆಲದ ಹತ್ತಿರ ಗಾಳಿ ಇದಕ್ಕಿಂತ ಕಡಿಮೆ ಇರುತ್ತದೆ. ಗಿಡ, ಬೇಲಿ, ಮನೆಗಳು ಅದನ್ನು ತಡೆಯುತ್ತವೆ. ಆದ್ದರಿಂದ ಎರಡು ದಾರಿ ಇದ್ದರೆ ಬೇವು, ಜಾಲಿ ಸಾಲಿರುವ ದಾರಿ ಹಿಡಿಯಿರಿ. ಅರ್ಧ ಕಿಲೋಮೀಟರ್ ಜಾಸ್ತಿ ಆದರೂ ಲಾಭವೇ.

ಆಮೇಲೆ ಮೈ ಬಗ್ಗಿಸಿ. ಮೊಳಕೈ ಮಡಿಸಿ, ಎದೆ ಹ್ಯಾಂಡಲ್ ಕಡೆ ತಂದು, ಕತ್ತು ಮಾತ್ರ ಮೇಲೆ. ಮೊಳಕೈ ಹೊರಗೆ ಚಾಚಬಾರದು, ಒಳಗಿರಲಿ. ಅದೇ ಇಳಿಜಾರಿನಿಂದ ಒಮ್ಮೆ ನೆಟ್ಟಗೆ ಕೂತು, ಒಮ್ಮೆ ಬಗ್ಗಿ ಬಿಟ್ಟು ನೋಡಿ. ಸಣ್ಣ ವೇಗದಲ್ಲಿ ವ್ಯತ್ಯಾಸ ಕಡಿಮೆ. ಎದುರುಗಾಳಿಯಲ್ಲಿ ಮಾಡಿದರೆ ಚೆನ್ನಾಗಿ ಕಾಣುತ್ತದೆ. ಗುಂಡಿ ಹಾಕದ ಶರ್ಟು, ಪಟಪಟ ಹಾರುವ ರೇನ್‌ಕೋಟು, ಬೆನ್ನ ಮೇಲೆ ಅಗಲಕ್ಕೆ ನಿಂತ ಬ್ಯಾಗು, ಎಲ್ಲವೂ ಗಾಳಿಗೆ ಸಿಗುತ್ತವೆ. ಹುಡುಗಿಯರು ವೇಲನ್ನು ಸೊಂಟಕ್ಕೆ ಸುತ್ತಿ ಕಟ್ಟಿಕೊಳ್ಳಿ. ಅದು ಗಾಳಿಗಷ್ಟೇ ಅಲ್ಲ, ಗಾಲಿಗೆ ಸಿಕ್ಕರೆ ಜೀವಕ್ಕೇ ಅಪಾಯ. ಒಂದು ಕೈಯಲ್ಲಿ ಕೊಡೆ ಹಿಡಿದು ಸೈಕಲ್ ಹೊಡೆಯೋದು ಬೇಡವೇ ಬೇಡ. ಮೇವಿನ ಹೊರೆ ಕಟ್ಟುವವರು ಅಡ್ಡಡ್ಡ ಕಟ್ಟುವ ಬದಲು ಉದ್ದುದ್ದ ಕಟ್ಟಿ. ತೂಕ ಅಷ್ಟೇ, ಗಾಳಿಗೆ ಸಿಗುವ ಅಗಲ ಕಡಿಮೆ.

ಮೈ ಬಗ್ಗಿಸೋದು ಸಣ್ಣ ಮಾತು ಅನ್ನಿಸಿದರೆ ಸೈಕಲ್ ರೇಸಿನ ಚರಿತ್ರೆ ನೋಡಿ. 1933ರಲ್ಲಿ ಪ್ಯಾರಿಸಿನಲ್ಲಿ ಫ್ರಾನ್ಸಿಸ್ ಫೋರ್ ಮಲಗಿದಂತೆ ಕೂತು ತುಳಿಯುವ ಸೈಕಲಿನಲ್ಲಿ ಒಂದು ಗಂಟೆಯಲ್ಲಿ 45.055 ಕಿ.ಮೀ. ಹೋಗಿ ಹಳೆಯ ದಾಖಲೆ ಮುರಿದ. ಆತ ಅಗ್ರಸಾಲಿನ ಓಟಗಾರ ಆಗಿರಲಿಲ್ಲ. ಮಲಗಿದ್ದರಿಂದ ಗಾಳಿಗೆ ಸಿಕ್ಕಿದ್ದು ಕಡಿಮೆ, ಅಷ್ಟೇ. ಮರುವರ್ಷ ಅಂಥ ಸೈಕಲನ್ನೇ ರೇಸಿನಿಂದ ಹೊರಗಿಟ್ಟರು. 1972ರಲ್ಲಿ ಎಡ್ಡಿ ಮರ್ಕ್ಸ್ ಒಂದು ಗಂಟೆಯಲ್ಲಿ 49.431 ಕಿ.ಮೀ. ಹೋದ ದಾಖಲೆಗೆ ಮೆಕ್ಸಿಕೋ ನಗರವನ್ನು ಆರಿಸಿಕೊಂಡರು. ಸಮುದ್ರ ಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲಿರುವ ಆ ಊರಿನಲ್ಲಿ ಗಾಳಿ ತೆಳು. 2022ರಲ್ಲಿ ಫಿಲಿಪ್ಪೊ ಗನ್ನಾ ಅದನ್ನು 56.792ಕ್ಕೆ ಒಯ್ದರು. 2018ರಲ್ಲಿ ಅಮೆರಿಕದ ಬಾನ್ವಿಲ್ ಉಪ್ಪಿನ ಬಯಲಿನಲ್ಲಿ ಡೆನಿಸ್ ಮುಲ್ಲರ್-ಕೊರೆನೆಕ್ ರೇಸ್ ಕಾರೊಂದರ ಹಿಂದೆ ಕಟ್ಟಿದ ಗಾಳಿ ಮರೆಯಲ್ಲಿ ಗಂಟೆಗೆ ಸುಮಾರು 296 ಕಿ.ಮೀ. ಮುಟ್ಟಿದರು. ಮುಂದೆ ಗಾಳಿ ಇಲ್ಲದಿದ್ದರೆ ಮನುಷ್ಯನ ಕಾಲು ಎಲ್ಲಿಯವರೆಗೆ ಒಯ್ಯಬಲ್ಲದು ನೋಡಿ.

ಆ ಮರೆಯ ಲಾಭ ನಮಗೂ ಉಂಟು. ವಿಜಯಪುರ, ಬಾಗಲಕೋಟೆ ಕಡೆ ರಸ್ತೆ ಮೇಲೆ ಅಭ್ಯಾಸ ಮಾಡುವ ಸೈಕ್ಲಿಂಗ್ ಹುಡುಗ ಹುಡುಗಿಯರನ್ನು ಗಮನಿಸಿ. ಒಬ್ಬರ ಬೆನ್ನಿಗೆ ಒಬ್ಬರು ಸಾಲಾಗಿ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಮುಂದಿದ್ದವರು ಪಕ್ಕಕ್ಕೆ ಸರಿದು ಹಿಂದೆ ಬರುತ್ತಾರೆ. ರೇಸಿನ ವೇಗದಲ್ಲಿ ಹಿಂದಿನವರಿಗೆ ಸುಮಾರು ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ಎದುರುಗಾಳಿಯ ದಿನ ಒಂದೇ ಊರಿನ ನಾಲ್ಕು ಮಕ್ಕಳು ಹೀಗೆ ಬರಬಹುದು. ದೊಡ್ಡವರು, ಗಟ್ಟಿಯಿದ್ದವರು ಮುಂದೆ, ಸರದಿಯ ಮೇಲೆ. ನಡುವೆ ಒಂದು ಸೈಕಲಿನಷ್ಟು ಅಂತರ ಇರಲಿ, ಮುಂದಿನವರು ಬ್ರೇಕ್ ಹಿಡಿಯುವ ಮೊದಲು ಕೂಗಿ ಹೇಳಲಿ. ಆದರೆ ಟ್ರ್ಯಾಕ್ಟರ್, ಲಾರಿ, ಬಸ್ಸಿನ ಹಿಂದೆ ಮಾತ್ರ ಯಾವತ್ತೂ ಹೋಗಬೇಡಿ. ಟ್ರೇಲರ್ ಹಿಡಿದುಕೊಂಡು ಹೋಗೋದಂತೂ ಸಾವಿನ ದಾರಿ. ಅವರು ನಿಂತಷ್ಟು ಬೇಗ ನೀವು ನಿಲ್ಲಲಾರಿರಿ, ಮುಂದಿನ ಗುಂಡಿಯೂ ನಿಮಗೆ ಕಾಣೋದಿಲ್ಲ.

ಘರ್ಷಣೆ ಬೇಕಾದ ಕಡೆ ಬೇಕೇ ಬೇಕು

ಇಷ್ಟು ಹೊತ್ತು ತಡೆ ಕಡಿಮೆ ಮಾಡೋದು ಹೇಳಿದೆ. ಎರಡು ಜಾಗದಲ್ಲಿ ಅದು ಪೂರ್ತಿ ಇರಬೇಕು: ಬ್ರೇಕ್ ರಬ್ಬರಿಗೂ ರಿಮ್ಮಿಗೂ ನಡುವೆ, ಟಯರಿಗೂ ರಸ್ತೆಗೂ ನಡುವೆ. ಚೈನಿಗೆ ಎಣ್ಣೆ ಬಿಡುವಾಗ ಒಂದು ಹನಿಯೂ ರಿಮ್ಮಿಗೆ ತಾಗಬಾರದು. ತಾಗಿದರೆ ಸೋಪು ನೀರಿನಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ.

ಒಣ ರಸ್ತೆಯಲ್ಲಿ ಸಾದಾ ಬ್ರೇಕು ಚೆನ್ನಾಗಿ ಹಿಡಿದರೆ 15 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 3 ಮೀಟರ್ ಬೇಕು. 30ರಿಂದ ನಿಲ್ಲಲು ಆರಲ್ಲ, 12 ಬೇಕು. ವೇಗ ಇಮ್ಮಡಿ, ದೂರ ನಾಲ್ಮಡಿ. 30ರಲ್ಲಿದ್ದರೆ, ಕಣ್ಣಿಗೆ ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಸೈಕಲ್ ಇನ್ನೂ 8 ಮೀಟರ್ ಹೋಗಿರುತ್ತದೆ. ನೂರು ಮೀಟರಿಗೆ 3 ಮೀಟರ್ ಇಳಿಯುವ ಇಳಿಜಾರಿನಲ್ಲಿ ತುಳಿಯದೆ ಬಿಟ್ಟರೂ ಸೈಕಲ್ ಸುಮಾರು 27 ಕಿ.ಮೀ. ವೇಗದವರೆಗೆ ಏರುತ್ತದೆ. ಅಲ್ಲಿ ಗಾಳಿಯ ತಡೆ, ನೆಲದ ತಡೆ ಎರಡೂ ಸೇರಿ ಇಳಿಜಾರಿನ ಎಳೆತಕ್ಕೆ ಸಮ ಆಗಿ ವೇಗ ಏರೋದು ನಿಲ್ಲುತ್ತದೆ. ಇದಕ್ಕಿಂತ ಕಡಿದಾದ ಇಳಿಜಾರಾದರೆ ಗಾಳಿಯನ್ನು ನಂಬಿ ಕೂರಬೇಡಿ, ಮೊದಲಿನಿಂದಲೇ ಬ್ರೇಕ್ ಹಿಡಿದು ಇಳಿಯಿರಿ.

ಮಳೆಯಲ್ಲಿ ಉಕ್ಕಿನ ರಿಮ್ಮು ತೊಯ್ದರೆ ರಬ್ಬರ್ ಜಾರುತ್ತದೆ. ಮೊದಲ ಕೆಲವು ಸುತ್ತು ನೀರು ಒರೆಸೋದರಲ್ಲೇ ಹೋಗುತ್ತದೆ. ತಿರುವಿಗೆ ಬಹಳ ಮೊದಲೇ ಬ್ರೇಕನ್ನು ಹಗುರವಾಗಿ ಹಿಡಿದು ರಿಮ್ಮು ಒಣಗಿಸಿಕೊಳ್ಳಿ, ಆಮೇಲೆ ಜೋರಾಗಿ ಹಿಡಿಯಿರಿ.

ಸುಗ್ಗಿಯ ಕಾಲಕ್ಕೆ ಇನ್ನೊಂದು ಎಚ್ಚರ ಬೇಕು. ನಮ್ಮ ಕಡೆ ಹುರುಳಿ, ಕಡಲೆ, ಜೋಳವನ್ನು ಡಾಂಬರು ರಸ್ತೆ ಮೇಲೇ ಹಾಸಿ ವಾಹನದ ಗಾಲಿಗೆ ರಾಶಿ ಮಾಡುತ್ತಾರೆ. ಕಾಳುಗಳು ಟಯರಿನ ಕೆಳಗೆ ಬೇರಿಂಗಿನ ಬಾಲ್ಸ್ ಥರ ಉರುಳುತ್ತವೆ. ಹಬ್ಬಿನಲ್ಲಿ ನಮಗೆ ಬೇಕಾದ ಆ ಗುಣವೇ ಇಲ್ಲಿ ನಮ್ಮನ್ನು ಕೆಡವುತ್ತದೆ. ಕಾಳಿನ ಮೇಲೆ ಬ್ರೇಕೂ ಹಿಡಿಯಬೇಡಿ, ಹ್ಯಾಂಡಲ್ಲೂ ತಿರುಗಿಸಬೇಡಿ. ಹಾಸಿದ ಜಾಗ ಬರುವ ಮೊದಲೇ ನಿಧಾನ ಮಾಡಿ, ನೆಟ್ಟಗೆ ದಾಟಿ. ತಿರುವಿನಲ್ಲಿ ಹಾಸಿದ್ದರೆ ಇಳಿದು ನೂಕಿಕೊಂಡು ಹೋಗಿ.